ಹವ್ಯಾಸಿ ಬಳಗ ಮತ್ತು ಸಣ್ಣ ತಯಾರಕ: ಬರೆದಿಡದ ಕರಾರಿನ ಬೆಲೆ

ಹೊಸ ಉತ್ಪನ್ನವೊಂದನ್ನು ಮಾರುಕಟ್ಟೆಗೆ ತರಲು ಹೊರಟ ಸಣ್ಣ ತಯಾರಕನಲ್ಲಿ ಬ್ಯಾಂಕು ಆಧಾರ ಕೇಳುತ್ತದೆ, ಸಗಟು ವ್ಯಾಪಾರಿ ಉದ್ದರಿ ಕೇಳುತ್ತಾನೆ, ಕಚ್ಚಾ ಸಾಮಗ್ರಿ ಪೂರೈಸುವವನು ನಗದು ಕೇಳುತ್ತಾನೆ. ಇವರೆಲ್ಲರ ನಡುವೆ ತಾನಾಗಿಯೇ ಮುಂಗಡ ಹಣ ತಂದುಕೊಡುವ ಗಿರಾಕಿಯೊಬ್ಬನಿದ್ದಾನೆ. ಆತನೇ ಹವ್ಯಾಸಿ. ಮೊದಲ ಕಂತಿನ ಸರಕಿನಲ್ಲಿ ದೋಷವಿದ್ದರೆ ಆತ ಅದನ್ನು ಮರಳಿಸುವುದಿಲ್ಲ. ದೋಷ ಎಲ್ಲಿದೆ ಎಂದು ಹುಡುಕಿ, ಸರಿಪಡಿಸುವ ಬಗೆಯನ್ನೂ ಬರೆದು ಕಳುಹಿಸುತ್ತಾನೆ. ತನ್ನಂತೆಯೇ ಆಸಕ್ತಿಯುಳ್ಳ ಹತ್ತು ಮಂದಿಗೆ ಹೇಳುತ್ತಾನೆ. ಜಾಹೀರಾತು, ಗುಣಪರೀಕ್ಷೆ ಮತ್ತು ಸಂಶೋಧನೆಗಾಗಿ ದೊಡ್ಡ ಕಾರ್ಖಾನೆಗಳು ಲಕ್ಷಾಂತರ ರೂಪಾಯಿ ಸುರಿಯುವಲ್ಲಿ ಸಣ್ಣ ತಯಾರಕನಿಗೆ ಇವೆಲ್ಲವೂ ಪುಕ್ಕಟೆಯಾಗಿ ದೊರೆಯುತ್ತವೆ. ಪುಕ್ಕಟೆ ಎಂದು ಆತ ಭಾವಿಸುತ್ತಾನೆ ಎನ್ನುವುದೇ ಹೆಚ್ಚು ಸರಿ. ಖಾತೆ ಪುಸ್ತಕದಲ್ಲಿ ಎಲ್ಲಿಯೂ ಜಮೆಯಾಗದ ಈ ನೆರವು ಒಂದು ಬಗೆಯ ಸಾಲ. ಅದಕ್ಕೆ ಪತ್ರವಿಲ್ಲ, ಬಡ್ಡಿಯ ದರವಿಲ್ಲ, ವಾಯಿದೆಯಿಲ್ಲ. ಆದರೆ ವಸೂಲಿಯ ದಿನ ಮಾತ್ರ ಬಂದೇ ಬರುತ್ತದೆ.

ಫೌಂಟನ್ ಪೆನ್, ಕೀಲಿಮಣೆ, ಸೈಕಲ್ಲಿನ ಬಿಡಿಭಾಗ, ಧ್ವನಿವರ್ಧಕ, ಎಲೆಕ್ಟ್ರಾನಿಕ್ ಫಲಕ ಮೊದಲಾದ ಹಲವು ಸರಕುಗಳಲ್ಲಿ ಇಂದು ಸಣ್ಣ ತಯಾರಕರ ಜೀವಾಳವಾಗಿರುವವರು ಈ ಹವ್ಯಾಸಿಗಳು. ಹಿಂದೆ ಊರಿಗೊಬ್ಬರಂತೆ ಚದುರಿಹೋಗಿದ್ದವರನ್ನು ಅಂತರಜಾಲವು ಒಂದು ಬಳಗವನ್ನಾಗಿ ಕೂಡಿಸಿದೆ. ಬಳಗವು ತಯಾರಕನನ್ನು ಎತ್ತಿ ನಿಲ್ಲಿಸಬಲ್ಲದು, ಮುನಿದರೆ ಕೆಡವಲೂ ಬಲ್ಲದು. ಈ ಸಂಬಂಧದ ಲಾಭನಷ್ಟಗಳನ್ನು ಆರಂಭದಿಂದ ಇಂದಿನವರೆಗೆ ಸ್ಪಷ್ಟವಾಗಿ ತೋರಿಸಿಕೊಡುವ ಉದ್ಯಮವೆಂದರೆ ಮೇಜಿನ ಮೇಲೆ ಇರಿಸಬಹುದಾದ ತ್ರೀ-ಡಿ ಪ್ರಿಂಟರುಗಳದು. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಪದರದ ಮೇಲೆ ಪದರವಾಗಿ ಹೊಯ್ದು ವಸ್ತುವನ್ನು ರೂಪಿಸುವ ಈ ಯಂತ್ರವು ಈಗ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಿಗೂ ಹೊಸದಲ್ಲ. ಅದು ಅಲ್ಲಿಗೆ ಬಂದ ದಾರಿ ಮಾತ್ರ ಅನೇಕರಿಗೆ ತಿಳಿದಿರಲಾರದು.

ಈ ವಿಧಾನಕ್ಕೆ ಅಮೆರಿಕದ ಸ್ಕಾಟ್ ಕ್ರಂಪ್ ಎಂಬುವರು 1989ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. 1992ರಲ್ಲಿ ಅದು ಮಂಜೂರಾಯಿತು. ಅವರು ಸ್ಥಾಪಿಸಿದ ಸ್ಟ್ರಾಟಸಿಸ್ ಸಂಸ್ಥೆಯ ಯಂತ್ರಗಳು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಟುಕುವ ಬೆಲೆಯವಾಗಿದ್ದವು. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದ ಏಡ್ರಿಯನ್ ಬೋಯರ್ ಅವರು ರೆಪ್‌ರ್ಯಾಪ್ ಎಂಬ ಯೋಜನೆಯನ್ನು ಆರಂಭಿಸಿದರು. ತನ್ನದೇ ಬಿಡಿಭಾಗಗಳಲ್ಲಿ ಹೆಚ್ಚಿನವನ್ನು ತಾನೇ ಮುದ್ರಿಸಿಕೊಡಬಲ್ಲ ಯಂತ್ರವೊಂದನ್ನು ರೂಪಿಸುವುದು, ಅದರ ನಕ್ಷೆಯನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಮಾರಲು ಬಿಟ್ಟುಕೊಡುವುದು, ತಿದ್ದಿದವರು ತಮ್ಮ ತಿದ್ದುಪಡಿಯನ್ನೂ ಹಾಗೆಯೇ ಬಿಟ್ಟುಕೊಡಬೇಕೆನ್ನುವುದು ಆ ಯೋಜನೆಯ ನಿಯಮ. 2008ರ ಮೇ ತಿಂಗಳಿನಲ್ಲಿ ಒಂದು ಯಂತ್ರವು ಮುದ್ರಿಸಿದ ಭಾಗಗಳಿಂದ ಮತ್ತೊಂದು ಯಂತ್ರವು ಸಿದ್ಧವಾಯಿತು. 2009ರಲ್ಲಿ ಕ್ರಂಪ್ ಅವರ ಮೂಲ ಪೇಟೆಂಟಿನ ಅವಧಿಯೂ ಮುಗಿಯಿತು. ವ್ಯಾಪಾರಕ್ಕೆ ಬಾಗಿಲು ತೆರೆದದ್ದು ಆಗಲೇ.

ಆ ವರ್ಷದ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್‌ಲಿನ್ ಪ್ರದೇಶದಲ್ಲಿ ಬ್ರೆ ಪೆಟಿಸ್, ಆಡಮ್ ಮೇಯರ್ ಮತ್ತು ಜ್ಯಾಕ್ ಸ್ಮಿತ್ ಎಂಬ ಮೂವರು ಮೇಕರ್‌ಬಾಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮೂವರೂ ಹವ್ಯಾಸಿ ಬಳಗದಿಂದಲೇ ಬಂದವರು. ಸ್ಮಿತ್ ಅಂತೂ ರೆಪ್‌ರ್ಯಾಪ್ ಯೋಜನೆಯಲ್ಲಿ ಆರಂಭದಿಂದಲೂ ದುಡಿದವರು. ಮೂಲ ಬಂಡವಾಳ 75,000 ಡಾಲರು. ಅದರಲ್ಲಿ 25,000 ಡಾಲರನ್ನು ಕೊಟ್ಟವರು ಸ್ವತಃ ಬೋಯರ್ ದಂಪತಿಗಳು. ಮೊದಲ ಯಂತ್ರ ‘ಕಪ್‌ಕೇಕ್’ ಪ್ಲೈವುಡ್ಡಿನ ಚೌಕಟ್ಟಿನದು, ಕೊಂಡವನೇ ಜೋಡಿಸಿಕೊಳ್ಳಬೇಕಾದದ್ದು. ಬೇಡಿಕೆ ಏರಿ ಬಿಡಿಭಾಗಗಳನ್ನು ಸಕಾಲದಲ್ಲಿ ಪೂರೈಸಲಾಗದೆ ಹೋದಾಗ ಸಂಸ್ಥೆಯು ತನ್ನ ಹಳೆಯ ಗಿರಾಕಿಗಳನ್ನೇ ಕೇಳಿಕೊಂಡಿತು: ನಿಮ್ಮ ನಿಮ್ಮ ಯಂತ್ರಗಳಲ್ಲಿ ಭಾಗಗಳನ್ನು ಮುದ್ರಿಸಿ ಕಳುಹಿಸಿಕೊಡಿ, ಹೊಸ ಗಿರಾಕಿಗಳ ಯಂತ್ರಕ್ಕೆ ಅವು ಬೇಕಾಗಿವೆ. ಅವರು ಕಳುಹಿಸಿಕೊಟ್ಟರು. ಗಿರಾಕಿಯೇ ತಯಾರಕನ ಕಾರ್ಖಾನೆಯಾಗಿ ನಿಂತ ಇಂತಹ ಉದಾಹರಣೆ ವಾಣಿಜ್ಯದ ಇತಿಹಾಸದಲ್ಲಿ ವಿರಳ. ಯಂತ್ರದ ಬಿಸಿಮೂತಿ, ಎಳೆಯನ್ನು ತಳ್ಳುವ ಹಲ್ಲುಚಕ್ರ, ನಿಯಂತ್ರಣದ ತಂತ್ರಾಂಶ ಇವೆಲ್ಲದರಲ್ಲಿಯೂ ಬಳಗದವರು ಸೂಚಿಸಿದ ಸುಧಾರಣೆಗಳು ಮುಂದಿನ ಮಾದರಿಗಳಲ್ಲಿ ಸೇರಿಕೊಂಡವು. ಥಿಂಗಿವರ್ಸ್ ಎಂಬ ಹೆಸರಿನಲ್ಲಿ ಸಂಸ್ಥೆಯು ನಡೆಸುತ್ತಿದ್ದ ನಕ್ಷೆಗಳ ಭಂಡಾರವನ್ನು ತುಂಬಿದವರೂ ಅವರೇ. ಯಂತ್ರ ಕೊಂಡವನಿಗೆ ಮುದ್ರಿಸಲು ಏನಾದರೂ ಬೇಕಲ್ಲವೆ? ಆ ಭಂಡಾರವಿಲ್ಲದಿದ್ದರೆ ಯಂತ್ರದ ಮಾರಾಟವೇ ಕಷ್ಟವಾಗುತ್ತಿತ್ತು.

2012ರ ಆಗಸ್ಟಿನಲ್ಲಿ ನಡೆದ ಒಂದು ಸಂಗತಿಯನ್ನು ವ್ಯಾಪಾರಸ್ಥರು ವಿಶೇಷವಾಗಿ ಗಮನಿಸಬೇಕು. ಮೇಕರ್‌ಬಾಟ್‌ನ ರೆಪ್ಲಿಕೇಟರ್ ಯಂತ್ರದ ನಕ್ಷೆ ಬಹಿರಂಗವಾಗಿದ್ದುದರಿಂದ, ಅದನ್ನೇ ಯಥಾವತ್ತಾಗಿ ನಕಲು ಮಾಡಿ ಕಡಿಮೆ ಬೆಲೆಗೆ ಮಾರುವುದಾಗಿ ಟ್ಯಾಂಜಿಬಾಟ್ ಎಂಬ ಹೆಸರಿನಲ್ಲಿ ಒಂದು ಯೋಜನೆ ಮುಂದೆ ಬಂದಿತು. ಸಾರ್ವಜನಿಕರಿಂದ ಮುಂಗಡ ಸಂಗ್ರಹಿಸಿ ಉತ್ಪಾದನೆ ಆರಂಭಿಸುವುದು ಅದರ ಉದ್ದೇಶ. ಕಾನೂನಿನ ಪ್ರಕಾರ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೂ ಹಣ ಕೂಡಲಿಲ್ಲ, ಯೋಜನೆ ಬಿದ್ದುಹೋಯಿತು. ಮೂಲ ತಯಾರಕನಿಗೆ ಏನನ್ನೂ ಸೇರಿಸದೆ ಬೆಲೆಯನ್ನಷ್ಟೇ ತಗ್ಗಿಸುವವನಿಗೆ ಬಳಗವು ಬೆನ್ನು ಕೊಡಲಿಲ್ಲ. ಯಾವ ನ್ಯಾಯಾಲಯವೂ ಕೊಡಲಾರದ ರಕ್ಷಣೆಯನ್ನು ಗಿರಾಕಿಗಳು ತಾವಾಗಿ ಕೊಟ್ಟರು.

ಅದೇ ಸೆಪ್ಟೆಂಬರಿನಲ್ಲಿ ಮೇಕರ್‌ಬಾಟ್ ತನ್ನ ರೆಪ್ಲಿಕೇಟರ್-2 ಯಂತ್ರವನ್ನು 2,199 ಡಾಲರ್ ಬೆಲೆಗೆ ಹೊರತಂದಿತು. ಅದರ ಯಾಂತ್ರಿಕ ವಿನ್ಯಾಸವನ್ನಾಗಲಿ, ಬಳಕೆದಾರರ ತಂತ್ರಾಂಶದ ಮುಖಭಾಗವನ್ನಾಗಲಿ ಇನ್ನು ಮುಂದೆ ಹಂಚಿಕೊಳ್ಳುವುದಿಲ್ಲ ಎಂದು ಸಂಸ್ಥೆ ತಿಳಿಸಿತು. ಅಷ್ಟರಲ್ಲಿ ಸಂಸ್ಥೆಯನ್ನು ತೊರೆದಿದ್ದ ಸ್ಮಿತ್ ಅವರು ಇದನ್ನು ನಂಬಿಕೆದ್ರೋಹವೆಂದೇ ಬಹಿರಂಗವಾಗಿ ಕರೆದರು. ಪ್ರಾಗ್ ನಗರದ ಯುವಕ ಯೋಸೆಫ್ ಪ್ರೂಶಾ ಅವರ ಕರೆಗೆ ಓಗೊಟ್ಟ ಹವ್ಯಾಸಿಗಳು ಥಿಂಗಿವರ್ಸ್ ಭಂಡಾರದಲ್ಲಿಯೇ ಪ್ರತಿಭಟನೆಯ ನಕ್ಷೆಗಳನ್ನು ಏರಿಸಿದರು. 2013ರ ಜೂನ್ ತಿಂಗಳಿನಲ್ಲಿ ಮೇಕರ್‌ಬಾಟ್ ಮಾರಾಟವಾಯಿತು, 40.3 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ಕೊಟ್ಟು ಅದನ್ನು ಕೊಂಡದ್ದು ಸ್ಟ್ರಾಟಸಿಸ್. ಯಾರ ಪೇಟೆಂಟ್ ಮುಗಿದುದರಿಂದ ಹವ್ಯಾಸಿಗಳ ಈ ಉದ್ಯಮ ಹುಟ್ಟಿತೋ ಅವರ ಕೈಗೇ ಅದರ ಅತಿದೊಡ್ಡ ಸಂಸ್ಥೆ ಸೇರಿತು. 2014ರಲ್ಲಿ ಸಂಸ್ಥೆಯ ಕೆಲವು ಪೇಟೆಂಟ್ ಅರ್ಜಿಗಳು ಪ್ರಕಟವಾದಾಗ, ತಾವು ಉಚಿತವಾಗಿ ಹಂಚಿಕೊಂಡಿದ್ದ ಕಲ್ಪನೆಗಳೇ ಅವುಗಳಲ್ಲಿವೆ ಎಂದು ಬಳಗದವರು ದೂರಿದರು. 2015ರ ಏಪ್ರಿಲಿನಲ್ಲಿ ಸಂಸ್ಥೆ ಸುಮಾರು ಶೇಕಡ 20ರಷ್ಟು ನೌಕರರನ್ನು ಕೈಬಿಟ್ಟು ತನ್ನ ಮೂರು ಮಳಿಗೆಗಳನ್ನು ಮುಚ್ಚಿತು. 2016ರಲ್ಲಿ ಬ್ರೂಕ್‌ಲಿನ್‌ನ ತಯಾರಿಕೆ ನಿಂತು, ಕೆಲಸವು ಗುತ್ತಿಗೆಯ ಮೇಲೆ ಹೊರಗಿನ ಸಂಸ್ಥೆಯೊಂದಕ್ಕೆ ಹೋಯಿತು. 2022ರಲ್ಲಿ ನೆದರ್‌ಲೆಂಡ್ಸ್‌ನ ಅಲ್ಟಿಮೇಕರ್ ಸಂಸ್ಥೆಯೊಂದಿಗೆ ಅದು ವಿಲೀನವಾಯಿತು.

ಇಷ್ಟನ್ನು ಓದಿದವರು ತಯಾರಕನನ್ನೇ ತಪ್ಪಿತಸ್ಥನೆಂದು ತೀರ್ಮಾನಿಸುವುದು ಸುಲಭ. ಆ ತೀರ್ಮಾನ ಅರ್ಧ ಮಾತ್ರ ಸರಿ. 2011ರಲ್ಲಿ ಮೇಕರ್‌ಬಾಟ್ ಹೊರಗಿನ ಹೂಡಿಕೆದಾರರಿಂದ ಒಂದು ಕೋಟಿ ಡಾಲರ್ ಪಡೆದಿತ್ತು. ಅಷ್ಟು ಹಣ ಕೊಟ್ಟವನು ನಾಳೆ ಯಾರು ಬೇಕಾದರೂ ನಕಲು ಮಾಡಬಹುದಾದ ಸರಕನ್ನು ನೋಡಿಕೊಂಡು ಸುಮ್ಮನಿರುವುದಿಲ್ಲ. ತಿಂಗಳಿಗೊಮ್ಮೆ ಸಂಬಳ ಕೊಡಬೇಕಾದ ಸಂಸ್ಥೆಗೆ, ಸಂಶೋಧನೆಯ ಖರ್ಚನ್ನು ತಾನು ಹೊತ್ತು ಅದರ ಫಲವನ್ನು ಪೈಪೋಟಿದಾರನಿಗೆ ಉಚಿತವಾಗಿ ಕೊಡುವುದು ಬಹುಕಾಲ ಸಾಧ್ಯವಿಲ್ಲ. ನಕ್ಷೆಯನ್ನು ಮುಚ್ಚಿಟ್ಟುಕೊಳ್ಳುವುದು ಅಪರಾಧವಲ್ಲ. ವ್ಯಾಪಾರದ ಲೋಕದಲ್ಲಿ ಅದೇ ರೂಢಿ. ತಪ್ಪು ನಡೆದದ್ದು ಬೇರೆ ಕಡೆ. ಭಾಗಗಳನ್ನು ಮುದ್ರಿಸಿ ಕಳುಹಿಸಿಕೊಡಿ ಎಂದು ಕೇಳಿಕೊಂಡ ದಿನ, ಸುಧಾರಣೆಗಳನ್ನು ಸ್ವೀಕರಿಸಿದ ದಿನ, ಇದು ಎಷ್ಟು ಕಾಲ ಹೀಗೆ ತೆರೆದಿರುತ್ತದೆ, ಯಾವುದು ಸಂಸ್ಥೆಯದು, ಯಾವುದು ಎಲ್ಲರದು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಹಾಗೆ ಎತ್ತದೆ ಇದ್ದುದರಿಂದ ತಯಾರಕನಿಗೆ ಆಗ ಲಾಭವಾಯಿತು. ಎಂದೆಂದಿಗೂ ತೆರೆದೇ ಇರುತ್ತದೆ ಎಂದು ನಂಬಿದವರು ಹೆಚ್ಚು ದುಡಿದರು. ಆ ನಂಬಿಕೆ ತಪ್ಪೆಂದು ಗೊತ್ತಿದ್ದರೆ ಅವರಲ್ಲಿ ಕೆಲವರು ದುಡಿಯುತ್ತಿರಲಿಲ್ಲ, ಕೆಲವರು ಕೂಲಿ ಕೇಳುತ್ತಿದ್ದರು, ಉಳಿದವರು ಬಹುಶಃ ಹಾಗೆಯೇ ಮುಂದುವರಿಯುತ್ತಿದ್ದರು. ಆ ಆಯ್ಕೆಯನ್ನು ಅವರ ಕೈಗೆ ಕೊಡಲಿಲ್ಲ ಎಂಬುದೇ ಸಿಟ್ಟಿನ ಮೂಲ.

ಇದೇ ಕಾಲದಲ್ಲಿ ಬೆಳೆದ ಮತ್ತೊಂದು ಸರಕಿನಲ್ಲಿ ಈ ಗೆರೆಯನ್ನು ಮೊದಲೇ ಎಳೆಯಲಾಗಿತ್ತು. ಇಟಲಿಯ ಇವ್ರೆಯಾ ಪಟ್ಟಣದ ವಿನ್ಯಾಸ ಸಂಸ್ಥೆಯಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೋ ಎಂಬ ನಿಯಂತ್ರಣ ಫಲಕದ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಡಲಾಯಿತು. ಹೆಸರನ್ನು ಮಾತ್ರ ಬಿಟ್ಟುಕೊಡಲಿಲ್ಲ. ಫಲಕವನ್ನು ಯಾರು ಬೇಕಾದರೂ ತಯಾರಿಸಿ ಮಾರಬಹುದು, ಆದರೆ ಅದರ ಮೇಲೆ ಆರ್ಡುಯಿನೋ ಎಂದು ಬರೆಯುವಂತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಂಡೊಯ್ಯುವ ಅಗ್ಗದ ಫಲಕಗಳಲ್ಲಿ ಬಹುಪಾಲು ಈ ನಕ್ಷೆಯಿಂದ ಬೇರೆಯವರು ತಯಾರಿಸಿದವು. ಅವನ್ನು ಮಾರುವ ಅಂಗಡಿಯವನು ನಿಯಮ ಮುರಿದಂತಾಗುವುದಿಲ್ಲ. ಮೂಲ ಹೆಸರು, ಮೂಲ ಗುರುತು ಹಾಕಿದ ನಕಲಿಯನ್ನು ಮಾರಿದರೆ ಮಾತ್ರ ಮುರಿದಂತೆ. ಈ ವ್ಯತ್ಯಾಸ ಎಲ್ಲರಿಗೂ ಮೊದಲಿನಿಂದ ತಿಳಿದಿದ್ದುದರಿಂದ ಅಗ್ಗದ ಫಲಕಗಳು ಎಷ್ಟೇ ಬಂದರೂ ಬಳಗ ಒಡೆಯಲಿಲ್ಲ. ಒಡಕು ಬಂದದ್ದು, ಸೋಜಿಗವೆಂಬಂತೆ, ಸ್ಥಾಪಕರೊಳಗೇ. ಐವರು ಸ್ಥಾಪಕರಲ್ಲಿ ಫಲಕಗಳ ತಯಾರಿಕೆಯನ್ನು ವಹಿಸಿಕೊಂಡಿದ್ದವರು ಇಟಲಿಯಲ್ಲಿ ಹೆಸರನ್ನು ತಮ್ಮ ಸಂಸ್ಥೆಗೆ ನೋಂದಾಯಿಸಿಕೊಂಡಿದ್ದರು. 2015ರ ವೇಳೆಗೆ ಒಂದೇ ಹೆಸರಿನ ಎರಡು ಸಂಸ್ಥೆಗಳು ಪರಸ್ಪರ ವ್ಯಾಜ್ಯ ಹೂಡಿ ನಿಂತಿದ್ದವು. 2016ರ ಅಕ್ಟೋಬರಿನಲ್ಲಿ ರಾಜಿಯಾಯಿತು. ಗಿರಾಕಿಗಳೊಂದಿಗಿನ ಕರಾರನ್ನು ಬರೆದಿಟ್ಟವರು ತಮ್ಮ ತಮ್ಮೊಳಗಿನ ಕರಾರನ್ನು ಬರೆಯುವುದನ್ನು ಮರೆತಿದ್ದರು. 2025ರ ಅಕ್ಟೋಬರಿನಲ್ಲಿ ಈ ಸಂಸ್ಥೆಯನ್ನು ತಾನು ಕೊಳ್ಳುವುದಾಗಿ ಅಮೆರಿಕದ ಕ್ವಾಲ್ಕಾಮ್ ಪ್ರಕಟಿಸಿದಾಗ, ಹವ್ಯಾಸಿಗಳ ಮನಸ್ಸಿನಲ್ಲಿ ಮೊದಲು ಮೂಡಿದ ಆತಂಕವೂ ತೆರೆದ ನಕ್ಷೆಗಳ ಮುಂದಿನ ಗತಿಯನ್ನು ಕುರಿತದ್ದೇ.

ಮತ್ತೆ ಪ್ರಿಂಟರಿನ ಮಾತಿಗೆ ಬಂದರೆ, 2012ರಲ್ಲಿ ಪ್ರತಿಭಟಿಸಿದ ಪ್ರೂಶಾ ಅವರು ಅದೇ ವರ್ಷ ಪ್ರಾಗ್‌ನಲ್ಲಿ ತಮ್ಮದೇ ಸಂಸ್ಥೆಯನ್ನು ಆರಂಭಿಸಿದರು. ಅವರ ಐ-3 ಎಂಬ ಮಾದರಿಯ ನಕ್ಷೆ ಬಹಿರಂಗವಾಗಿತ್ತು. ಚೀನಾದಿಂದ ಹಿಡಿದು ಭಾರತದವರೆಗೆ ಅಸಂಖ್ಯ ಸಣ್ಣ ತಯಾರಕರು ಅದನ್ನು ನೋಡಿ ಯಂತ್ರ ಕಟ್ಟಿದರು. ಆದರೂ ಮೂಲ ಸಂಸ್ಥೆ ಬೆಳೆಯಿತು. 2018ರಲ್ಲಿ ಡೆಲಾಯ್ಟ್ ಸಂಸ್ಥೆಯು ಸಿದ್ಧಪಡಿಸಿದ, ಮಧ್ಯ ಯೂರೋಪಿನ ಅತಿವೇಗದ ಬೆಳವಣಿಗೆಯ ತಂತ್ರಜ್ಞಾನ ಸಂಸ್ಥೆಗಳ ಪಟ್ಟಿಯಲ್ಲಿ ಮೊದಲ ಸ್ಥಾನವನ್ನೂ ಪಡೆಯಿತು. ನಕಲಿಗಿಂತ ದುಬಾರಿಯಾದ ಮೂಲವನ್ನು ಗಿರಾಕಿಗಳು ಕೊಂಡದ್ದು ಬರೀ ಅಭಿಮಾನದಿಂದಲ್ಲ. ಕೈಪಿಡಿ, ದುರಸ್ತಿಯ ನೆರವು, ವರ್ಷಗಟ್ಟಲೆ ದೊರೆಯುವ ಬಿಡಿಭಾಗ ಇವುಗಳಿಗೆ ಅವರು ಬೆಲೆ ಕೊಟ್ಟರು. ಆದರೆ ಈ ದಾರಿಯೂ ಕೊನೆಯವರೆಗೆ ಸುಗಮವಾಗಿರಲಿಲ್ಲ. ಚೀನಾದ ಬಾಂಬು ಲ್ಯಾಬ್ ಸಂಸ್ಥೆ 2022ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ತಂತ್ರಾಂಶಕ್ಕೆ ತಳಹದಿಯಾಗಿದ್ದುದು ಪ್ರೂಶಾ ಸಂಸ್ಥೆಯ ತಂತ್ರಾಂಶ. ಆ ತಂತ್ರಾಂಶಕ್ಕೆ ತಳಹದಿ ಇಟಲಿಯ ಅಲೆಸ್ಸಾಂಡ್ರೊ ರನೆಲ್ಲುಚ್ಚಿ ಅವರು 2011ರಲ್ಲಿ ಆರಂಭಿಸಿದ್ದ ‘ಸ್ಲೈಸರ್’. ಹೀಗೆ ಒಬ್ಬರ ಹೆಗಲ ಮೇಲೆ ಮತ್ತೊಬ್ಬರು ಏರಿದ್ದರು, ಎಲ್ಲವೂ ಪರವಾನಗಿಯ ನಿಯಮದೊಳಗೇ. 2023ರ ಮಾರ್ಚಿಯಲ್ಲಿ ಪ್ರೂಶಾ ಅವರು ಲೇಖನವೊಂದನ್ನು ಪ್ರಕಟಿಸಿ, ಪಡೆದು ಹಿಂದಿರುಗಿಸದವರ ಮುಂದೆ ಎಲ್ಲವನ್ನೂ ತೆರೆದಿಡುವುದು ಕಷ್ಟವಾಗುತ್ತಿದೆ ಎಂಬ ಅರ್ಥದ ಮಾತುಗಳನ್ನಾಡಿದರು. ನಂತರದ ಅವರ ಯಂತ್ರಗಳಲ್ಲಿ ಮೊದಲಿನಷ್ಟು ಭಾಗ ಬಹಿರಂಗವಾಗಿಲ್ಲ. ಹನ್ನೊಂದು ವರ್ಷಗಳ ಹಿಂದೆ ಮೇಕರ್‌ಬಾಟ್ ನಿಂತಿದ್ದ ಕವಲುದಾರಿಗೆ ಅದರ ಕಟು ವಿಮರ್ಶಕರೂ ಬಂದು ನಿಂತರು. ವ್ಯತ್ಯಾಸವಿಷ್ಟೆ: ಇವರು ಕಾರಣವನ್ನು ಗಿರಾಕಿಗಳ ಮುಂದೆ ಮೊದಲೇ ಹೇಳಿದರು, ಚರ್ಚೆಗೆ ಇಟ್ಟರು. ಬೇಸರ ವ್ಯಕ್ತವಾಯಿತು, ದ್ರೋಹದ ಮಾತು ಅಷ್ಟಾಗಿ ಬರಲಿಲ್ಲ.

ಬಾಂಬು ಲ್ಯಾಬ್ ಕೂಡ ಈ ಪರೀಕ್ಷೆಯಿಂದ ಪಾರಾಗಲಿಲ್ಲ. 2025ರ ಜನವರಿಯಲ್ಲಿ, ತನ್ನ ಅನುಮತಿಯಿಲ್ಲದ ತಂತ್ರಾಂಶಗಳಿಂದ ಯಂತ್ರವನ್ನು ನಿಯಂತ್ರಿಸುವುದಕ್ಕೆ ಅದು ಕಡಿವಾಣ ಹಾಕಹೊರಟಾಗ ಗಿರಾಕಿಗಳು ಸಿಡಿದೆದ್ದರು. ಕೆಲವೇ ದಿನಗಳಲ್ಲಿ ಸಂಸ್ಥೆಯು ಹಳೆಯ ಪದ್ಧತಿಗೆ ಅವಕಾಶವಿರುವ ಪ್ರತ್ಯೇಕ ಏರ್ಪಾಡನ್ನು ಪ್ರಕಟಿಸಬೇಕಾಯಿತು. ಕೊಂಡ ಯಂತ್ರದ ಮೇಲೆ ಕೊಂಡವನ ಹಕ್ಕು ಎಷ್ಟು ಎಂಬುದೂ ಬರೆದಿಡದ ಕರಾರಿನ ಒಂದು ಕಲಮೇ.

ಇಷ್ಟೂ ತಯಾರಕರ ಕಡೆಯ ಲೋಪ. ಹವ್ಯಾಸಿಗಳ ಕಡೆಯ ಲೋಪವನ್ನು ಹೇಳದಿದ್ದರೆ ಅನ್ಯಾಯವಾದೀತು. ಸಣ್ಣ ತಯಾರಕರೆಲ್ಲರಿಗೂ ಪರಿಚಿತವಾದ ದೂರು ಒಂದಿದೆ. ಬಿಡಿಭಾಗಗಳ ಬೆಲೆಯನ್ನು ಕೂಡಿಸಿ, ಅದರ ಪಕ್ಕದಲ್ಲಿ ಮಾರಾಟದ ಬೆಲೆಯನ್ನು ಇಟ್ಟು, ಉಳಿದದ್ದೆಲ್ಲ ಸುಲಿಗೆ ಎಂದು ಸಾರುವ ಗಿರಾಕಿ ಪ್ರತಿಯೊಂದು ಬಳಗದಲ್ಲಿಯೂ ಇದ್ದಾನೆ. ಬಾಡಿಗೆ, ವಿದ್ಯುತ್ತು, ಸಂಬಳ, ಕೆಟ್ಟುಹೋದ ಮಾಲು, ಮರಳಿ ಬಂದ ಮಾಲು, ತೆರಿಗೆ, ಸಾಲದ ಬಡ್ಡಿ ಇವು ಯಾವುವೂ ಆತನ ಲೆಕ್ಕದಲ್ಲಿಲ್ಲ. ಚಿನ್ನದ ಅಂಗಡಿಯ ರಸೀದಿಯಲ್ಲಿ ಮಜೂರಿ ಬೇರೆಯಾಗಿಯೇ ಕಾಣುತ್ತದೆ; ಹೆಚ್ಚಾಯಿತೆಂದು ಗಿರಾಕಿ ಚೌಕಾಸಿ ಮಾಡುತ್ತಾನೆಯೇ ಹೊರತು ಮಜೂರಿಯೇ ಇರಬಾರದು ಎನ್ನುವುದಿಲ್ಲ. ತಾನೇ ಮನೆಯಲ್ಲಿ ಬಿಡುವಿನ ವೇಳೆಯಲ್ಲಿ ಯಂತ್ರ ಕಟ್ಟಬಲ್ಲ ಹವ್ಯಾಸಿಗೆ ಮಾತ್ರ ತನ್ನ ಬಿಡುವಿನ ವೇಳೆಗೆ ಬೆಲೆಯಿಲ್ಲದ್ದರಿಂದ ತಯಾರಕನ ವೇಳೆಗೂ ಬೆಲೆಯಿಲ್ಲವೆಂದು ತೋರುತ್ತದೆ. ರಾತ್ರಿ ಹನ್ನೊಂದಕ್ಕೆ ಕೇಳಿದ ಪ್ರಶ್ನೆಗೆ ಬೆಳಿಗ್ಗೆ ಆರಕ್ಕೆ ಉತ್ತರ ಬರಲಿಲ್ಲವೆಂದು ಹತ್ತು ಜನರ ಎದುರು ಆಡಿಕೊಳ್ಳುವುದೂ ಉಂಟು. ಇಬ್ಬರು ಕೆಲಸಗಾರರ ಕಾರ್ಯಾಗಾರವನ್ನು ಇನ್ನೂರು ಜನರ ಕಾರ್ಖಾನೆಯ ಅಳತೆಗೋಲಿನಿಂದ ಅಳೆಯುವುದು, ಅದೇ ವೇಳೆಗೆ ಸ್ನೇಹದ ರಿಯಾಯಿತಿಯನ್ನೂ ಕೇಳುವುದು ಒಟ್ಟಿಗೆ ಹೋಗಲಾರವು.

ಭಾರತದಲ್ಲಿ ಇದರ ಒಂದು ಮುಖವನ್ನು ಕೈಯಿಂದ ಮಾಡುವ ಫೌಂಟನ್ ಪೆನ್ನುಗಳ ಉದ್ಯಮದಲ್ಲಿ ಕಾಣಬಹುದು. ಆಂಧ್ರದ ರಾಜಮಹೇಂದ್ರಿಯಲ್ಲಿ 1932ರಿಂದ ನಡೆದುಬಂದ ರತ್ನಂ ಪೆನ್ನಿನ ಹೆಸರನ್ನು ಹಿರಿಯ ವ್ಯಾಪಾರಸ್ಥರು ಕೇಳಿರುತ್ತಾರೆ. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಸರಳನ್ನು ಲೇತಿನ ಮೇಲೆ ಕಡೆದು ಪೆನ್ನು ಮಾಡುವ ಈ ಕಸುಬು ಬಾಲ್‌ಪೆನ್ನು ಬಂದ ಮೇಲೆ ಸೊರಗಿತ್ತು. ಅದಕ್ಕೆ ಮತ್ತೆ ಉಸಿರು ಕೊಟ್ಟವರಲ್ಲಿ ದೇಶವಿದೇಶಗಳ ಪೆನ್ನು ಹವ್ಯಾಸಿಗಳು ಮುಖ್ಯರು. ಇಲ್ಲಿ ರೂಢಿಯಲ್ಲಿರುವುದು ಸಾಮೂಹಿಕ ಖರೀದಿ. ಬಳಗದ ಒಬ್ಬರು ಮುಂದೆ ನಿಂತು, ಇಂಥ ಬಣ್ಣ, ಇಂಥ ಉದ್ದ, ಜರ್ಮನಿಯಿಂದ ತರಿಸಿದ ಇಂಥ ನಿಬ್ಬು ಎಂದು ನಿರ್ಧರಿಸಿ, ಹತ್ತಾರು ಜನರ ಹಣ ಕೂಡಿಸಿ ಒಂದೇ ಬಾರಿಗೆ ಆರ್ಡರು ಕೊಡುತ್ತಾರೆ. ವರ್ಷವಿಡೀ ಬಿಡಿಬಿಡಿಯಾಗಿ ಮಾರುವವನಿಗೆ ಇದು ಹಬ್ಬದಂತೆ ಕಾಣುವುದು ಸಹಜ. ಆದರೆ ಲೇತಿನ ಮುಂದೆ ನಿಲ್ಲುವ ಕೈಗಳು ಎರಡೇ. ನಿಬ್ಬು ಬರುವುದು ತಡವಾದರೆ, ಸರಳಿನ ಬಣ್ಣ ಮಾದರಿಗೆ ಹೊಂದದಿದ್ದರೆ, ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದರೆ ತಿಂಗಳುಗಳು ಉರುಳುತ್ತವೆ. ಅಷ್ಟರಲ್ಲಿ ಮುಂಗಡವು ಇನ್ನೊಂದು ಆರ್ಡರಿನ ಸಾಮಗ್ರಿಗೆ ಖರ್ಚಾಗಿರುತ್ತದೆ. ಮುಂದೆ ನಿಂತವರಿಗೆ ಎರಡೂ ಕಡೆಯ ನಿಷ್ಠುರ. ಇಂತಹ ಜಗಳಗಳಲ್ಲಿ ಮೋಸ ಮಾಡುವ ಉದ್ದೇಶ ಇರುವುದು ಅಪರೂಪ. ತಯಾರಿಕೆಯ ಶಕ್ತಿ ತಿಂಗಳಿಗೆ ಎಷ್ಟು ಎಂಬ ಒಂದೇ ಒಂದು ಅಂಕಿಯನ್ನು ಮೊದಲು ಹೇಳದೆ ಇದ್ದುದೇ ಹೆಚ್ಚಿನವುಗಳ ಕಾರಣ.

ಮುಂಗಡದ ಹಣ ವರಮಾನವಲ್ಲ, ಹೊಣೆ ಎಂಬುದು ಲೆಕ್ಕಪತ್ರ ಬಲ್ಲ ಯಾವ ವ್ಯಾಪಾರಿಗೂ ಹೊಸ ಮಾತಲ್ಲ. ಆದರೂ ಹವ್ಯಾಸಿಗಳ ಮುಂಗಡವನ್ನು ಸ್ನೇಹದ ಹಣವೆಂಬಂತೆ ನಡುವಿನ ಖರ್ಚಿಗೆ ಬಳಸುವವರಿದ್ದಾರೆ. 2017ರ ನವೆಂಬರ್ 15ರ ಅಧಿಸೂಚನೆಯ ನಂತರ, ಕಾಂಪೊಸಿಷನ್ ಪದ್ಧತಿಯವರನ್ನು ಬಿಟ್ಟರೆ, ಸರಕುಗಳಿಗಾಗಿ ಪಡೆದ ಮುಂಗಡದ ಮೇಲೆ ಜಿಎಸ್‌ಟಿಯನ್ನು ಆಗಲೇ ಕಟ್ಟಬೇಕಾಗಿಲ್ಲ. ಸೇವೆಗಳಿಗೆ ಮಾತ್ರ ಕಟ್ಟಬೇಕು. ಈ ಅನುಕೂಲದಿಂದಾಗಿ ಮುಂಗಡವನ್ನು ಇಡಿಯಾಗಿ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಟ್ಟುಕೊಳ್ಳುವುದು ಸುಲಭವಾಗಿದೆ. ಸಾಮಗ್ರಿ ಕೊಂಡಷ್ಟೇ ಅದರಿಂದ ತೆಗೆಯುವುದು, ತಡವಾದರೆ ಕೇಳಿದವರಿಗೆ ಹಿಂದಿರುಗಿಸುವುದು ಅಸಾಧ್ಯವೇನಲ್ಲ.

ಕಾನೂನಿನ ಕಡೆಯಿಂದ ಇನ್ನೆರಡು ವಿಷಯಗಳನ್ನು ಸಣ್ಣ ತಯಾರಕರು ತಿಳಿದಿರಬೇಕು. ಉತ್ಸಾಹದಲ್ಲಿ ಹೊಸ ವಿನ್ಯಾಸದ ಚಿತ್ರವನ್ನು ಬಳಗದ ಮುಂದಿಟ್ಟು, ಎಲ್ಲರ ಮೆಚ್ಚುಗೆ ಪಡೆದ ಮೇಲೆ ನೋಂದಣಿಗೆ ಹೋಗುವವರುಂಟು. 2000ದ ವಿನ್ಯಾಸ ಕಾಯಿದೆಯ ಪ್ರಕಾರ ಅರ್ಜಿಗೆ ಮೊದಲೇ ಭಾರತದಲ್ಲಾಗಲಿ ಹೊರದೇಶದಲ್ಲಾಗಲಿ ಬಹಿರಂಗವಾದ ವಿನ್ಯಾಸಕ್ಕೆ ನೋಂದಣಿ ದೊರೆಯುವುದಿಲ್ಲ. ಪೇಟೆಂಟಿನ ವಿಷಯದಲ್ಲಿಯೂ, ಕೆಲವು ಸೀಮಿತ ವಿನಾಯಿತಿಗಳನ್ನು ಬಿಟ್ಟರೆ, ಸ್ಥಿತಿ ಹೀಗೆಯೇ. ಯಾವುದನ್ನು ಮುಚ್ಚಿಟ್ಟುಕೊಳ್ಳಬೇಕೆಂದಿದೆಯೋ ಅದಕ್ಕೆ ಮೊದಲು ಅರ್ಜಿ, ಆಮೇಲೆ ಪ್ರದರ್ಶನ. ಎಲ್ಲರಿಗೂ ಬಿಟ್ಟುಕೊಡುವ ನಿರ್ಧಾರ ಮಾಡಿದವರು ಹೆಸರನ್ನಾದರೂ ತಮ್ಮಲ್ಲಿ ಉಳಿಸಿಕೊಳ್ಳಲಿ. 2017ರ ನಿಯಮಗಳಂತೆ ವ್ಯಾಪಾರ ಚಿಹ್ನೆಯ ಅರ್ಜಿಯನ್ನು ವಿದ್ಯುನ್ಮಾನದ ಮೂಲಕ ಸಲ್ಲಿಸಿದರೆ ವ್ಯಕ್ತಿಗಳಿಗೆ, ನವೋದ್ಯಮಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಇತರರಿಗೆ 9,000 ರೂಪಾಯಿ. ಆರ್ಡುಯಿನೋ ಸ್ಥಾಪಕರು ವ್ಯಾಜ್ಯಕ್ಕೆ ಮಾಡಿದ ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಪಾಲುದಾರರಿದ್ದರೆ ಯಾರ ಹೆಸರಿನಲ್ಲಿ ನೋಂದಣಿ ಎಂಬುದು ಪಾಲುದಾರಿಕೆಯ ಪತ್ರದಲ್ಲಿಯೇ ಸೇರಿರಬೇಕು.

ಉಳಿದದ್ದು ಬಳಗದೊಂದಿಗಿನ ಕರಾರು. ಇದಕ್ಕೆ ಛಾಪಾ ಕಾಗದ ಬೇಕಿಲ್ಲ, ವಕೀಲರ ಭಾಷೆಯೂ ಬೇಕಿಲ್ಲ. ಸರಕಿನ ಯಾವ ಭಾಗದ ನಕ್ಷೆ ಎಲ್ಲರದು, ಯಾವುದು ತಯಾರಕನದು. ಇಂದು ಮುಚ್ಚಿಟ್ಟದ್ದನ್ನು ಎರಡೋ ಮೂರೋ ವರ್ಷಗಳ ನಂತರ ತೆರೆಯುವ ಉದ್ದೇಶವಿದೆಯೇ. ಗಿರಾಕಿಯೊಬ್ಬ ಸೂಚಿಸಿದ ಸುಧಾರಣೆಯನ್ನು ಅಳವಡಿಸಿಕೊಂಡರೆ ಆತನಿಗೆ ಹೆಸರಿನ ಉಲ್ಲೇಖವೋ, ಒಂದು ಯಂತ್ರವೋ, ಹಣವೋ ಏನು ಸಲ್ಲುತ್ತದೆ. ತಿಂಗಳಿಗೆ ಎಷ್ಟು ಸರಕು ತಯಾರಾಗುತ್ತದೆ, ತಡವಾದರೆ ಏನು. ಸಂಸ್ಥೆ ಕೈಬದಲಾದರೆ ಈ ಮಾತುಗಳಲ್ಲಿ ಯಾವುವು ಹೊಸ ಒಡೆಯನನ್ನೂ ಕಟ್ಟುತ್ತವೆ. ಮೇಕರ್‌ಬಾಟ್‌ನ ಮೊದಲ ವರ್ಷದಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆಗಳು ಇಷ್ಟೇ. ಕೊನೆಯದನ್ನು ಬರೆಯಲು ಅನೇಕರು ಹಿಂಜರಿಯುತ್ತಾರೆ. ನಾಳೆ ಕೊಳ್ಳಲು ಬರುವವನು ಇದನ್ನು ನೋಡಿ ಬೆಲೆ ತಗ್ಗಿಸಬಹುದೆಂಬ ಭಯ. ತಗ್ಗಿಸಲೂಬಹುದು. ಆದರೆ ಆತ ಕೊಳ್ಳಲು ಬರುವುದು ಲೇತನ್ನೋ ಅಚ್ಚನ್ನೋ ನೋಡಿಯಲ್ಲ, ಬಳಗವನ್ನು ನೋಡಿ. ಬಳಗ ಚದುರಿದ ಮೇಲೆ ಉಳಿಯುವ ಯಂತ್ರೋಪಕರಣಗಳಿಗೆ ಹಳೆ ಸಾಮಾನಿನ ಬೆಲೆಯಷ್ಟೇ.

ವಾಣಿಜ್ಯ ಮಂಡಳಿಗಳು ಪಾಲುದಾರಿಕೆ ಪತ್ರ, ಬಾಡಿಗೆ ಕರಾರು, ಏಜೆನ್ಸಿ ಒಪ್ಪಂದ ಇವುಗಳ ಮಾದರಿಗಳನ್ನು ಸದಸ್ಯರಿಗೆ ಒದಗಿಸುವುದುಂಟು. ಅವುಗಳ ಜೊತೆಗೆ ಮೇಲೆ ಹೇಳಿದ ಅಂಶಗಳನ್ನೊಳಗೊಂಡ ಎರಡು ಪುಟಗಳ ಮಾದರಿ ಪತ್ರವೊಂದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಿದ್ಧಪಡಿಸಿ, ಹೊಸದಾಗಿ ಉದ್ಯಮ ನೋಂದಣಿ ಮಾಡಿಸಲು ಬರುವ ತಯಾರಕರ ಕೈಗೆ ಕೊಡುವುದು ಕಷ್ಟದ ಕೆಲಸವೇನಲ್ಲ. ಮೊದಲ ಮುಂಗಡ ಪಡೆಯುವ ಮುನ್ನ ಅದನ್ನು ತುಂಬಿಸಿಕೊಳ್ಳಲು ಒಂದು ಮಧ್ಯಾಹ್ನ ಸಾಕು.